ತೊಟ್ಟು ಬಿಡಿಸೋ ಹೊತ್ತಿಗೆ ಸಾಮಾನ್ಯ ಜ್ಞಾನ

ಬ್ಯಾಡಗಿ. ಕೋಲ್ಡ್ ಸ್ಟೋರೇಜಿನ ಹಿಂದಿನ ತಗಡಿನ ಶೆಡ್ಡು.
ಕೆಂಪು ಗುಡ್ಡೆಯ ಸುತ್ತ ಹನ್ನೊಂದು ಹೆಂಗಸರು,
ಹನ್ನೆರಡನೆಯವಳು ನಾನು,
ತೊಡೆಯ ಮೇಲೆ ಪಿಡಿಓ ಪರೀಕ್ಷೆಯ ಗೈಡು.
ಕೈ ತೊಟ್ಟು ಬಿಡಿಸುತ್ತದೆ, ಬಾಯಿ ಪ್ರಶ್ನೆ ಓದುತ್ತದೆ,
ಸೀನು ಬಂದರೆ ಎರಡೂ ನಿಲ್ಲುತ್ತವೆ.

"ಬಟಾಟಿ, ಚಾವಿ, ಪಗಾರ:
ಇವು ಯಾವ ಭಾಷೆಯಿಂದ ಬಂದ ಶಬ್ದಗಳು?"
"ನಮ್ಮ ಮನ್ಯಾಗಿಂದ," ಅಂದಳು ನೀಲವ್ವ.
ಪೋರ್ಚುಗೀಸ್, ಅಂದೆ. ಗೋವಾಕ್ಕ ಹಡಗಿನ್ಯಾಗ ಬಂದವರದು.
"ಪಗಾರಾನೂ ಹಡಗಿನ್ಯಾಗ ಬಂತಾ?
ಅದಕ್ಕ ನೋಡು, ಶನಿವಾರದ್ದು
ನಮಗ ಮುಟ್ಟೂದು ಸೋಮವಾರ."

ಜೆರಾಕ್ಸ್ ಅಂಬೋದು ಒಂದು ಕಂಪನಿಯ ಹೆಸರು,
ಬೇರು ಗ್ರೀಕಿನಲ್ಲಿ, ಅರ್ಥ: ಒಣಗಿದ್ದು.
ಮಾಬೂಬಿ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು,
ಒಳಗೆ ಬೀಜ ಗಿಲಿಗಿಲಿ.
"ಹಂಗಾರ ಇದೂ ಜೆರಾಕ್ಸ್. ಎಷ್ಟು ಕಾಪಿ ಬೇಕವಾ?"
ಹೋದ ವಾರ ಆಧಾರ್ ಕಾರ್ಡಿನ ಮೂರು ಪ್ರತಿ ತೆಗೆಸಿದ್ದಳು,
ಮೂರರಲ್ಲೂ ಮುಖ ಬರೀ ಕಪ್ಪು.
"ನನ್ನ ಗುರ್ತ ನನಗ ಸಿಗಲಿಲ್ಲ," ಅಂದಳು,
ಯಾರೂ ಕೇಳದೆ.

ನಾವು ನೀರು ಕುಡಿಯುವುದು ಡಾಲ್ಡಾ ಡಬ್ಬಿಯಲ್ಲಿ.
ಅದರಲ್ಲಿ ಇದ್ದದ್ದು ಡಾಲ್ಡಾ ಅಲ್ಲ, ಬೇರೆ ಕಂಪನಿಯದು.
ಆದರೂ ಡಾಲ್ಡಾ.
ಇದು ಗೈಡಿನಲ್ಲಿ ಇಲ್ಲ.

"ಮೆಣಸಿನಕಾಯಿಯ ತವರು ಯಾವುದು?"
ಹನ್ನೊಂದು ಬಾಯಿ ಒಮ್ಮೆಗೆ: "ಬ್ಯಾಡಗಿ!"
ಪುಟ ತಿರುವಿದೆ. ದಕ್ಷಿಣ ಅಮೆರಿಕಾ.
ಅದೂ ಹಡಗಿನಲ್ಲಿ ಬಂದದ್ದು, ಐನೂರು ವರ್ಷದ ಈಚೆ.
ಗುಡ್ಡೆಯ ಸುತ್ತ ಕೈಗಳು ನಿಂತವು.
"ಅದಕ್ಕ ಮೊದಲ ರೊಟ್ಟಿಗೆ ಏನ ಹಚಿಗೊಂತಿದ್ರ?"
ಕಾಳುಮೆಣಸು ಇತ್ತು, ಅಂದೆ. ಖಾರ ಅಂದರೆ ಅದೇ.
ಹೊಸದು ಬಂದಾಗ ಅದರ ಹೆಸರನ್ನೇ ಇದಕ್ಕೂ ಇಟ್ಟರು.
ಫಕ್ಕೀರವ್ವ ತಲೆದೂಗಿದಳು: "ಸತ್ತ ಅಜ್ಜಿ ಹೆಸರು
ಮೊಮ್ಮಗಳಿಗೆ ಇಟ್ಟಂಗ.
ಆದ್ರ ಈಕಿ ಅಜ್ಜೀನ್ನ ಮೂಲಿಗೆ ಕೂಡಿಸಿಬಿಟ್ಲು."
ಆಮೇಲೆ, ಎಷ್ಟೋ ಹೊತ್ತಿನ ಮೇಲೆ:
"ಇರಲಿ ಬಿಡು. ನಾವ್ಯಾರು ಇಲ್ಲೇ ಹುಟ್ಟೇವಿ?
ನನ್ನ ತವರು ಮೊಟೆಬೆನ್ನೂರು."

ಗೈಡು ಹೇಳುತ್ತದೆ: ಖಾರ ರುಚಿಯಲ್ಲ.
ಬೀಜದಲ್ಲಲ್ಲ, ಬೀಜ ಹಿಡಿದ ಬಿಳಿ ನರದಲ್ಲಿ
ಅದರ ವಾಸ.
ಹಕ್ಕಿಗೆ ಅದು ತಿಳಿಯುವುದಿಲ್ಲ, ನೀರಿಗೆ ಅದು ಕರಗುವುದಿಲ್ಲ.
ಯಾವುದನ್ನೂ ಅದು ಸುಡುವುದಿಲ್ಲ,
ಸುಡುತ್ತಿದೆ ಎಂದು ನಾಲಿಗೆಗೆ, ಚರ್ಮಕ್ಕೆ
ಸುಳ್ಳು ಹೇಳುತ್ತದೆ, ಅಷ್ಟೇ.

ಫಕ್ಕೀರವ್ವ ಎರಡೂ ಕೈ ನನ್ನ ಪುಟದ ಮೇಲೆ ಚಾಚಿದಳು.
ಇಪ್ಪತ್ತಾರು ವರ್ಷದ ಸುಗ್ಗಿ.
ಉಗುರಿನ ಸಂದಿನಲ್ಲಿ ಕೆಂಪು, ಬೆರಳ ತುದಿಯಲ್ಲಿ ಗೆರೆಯೇ ಇಲ್ಲ.
ರೇಷನ್ ಅಂಗಡಿಯ ಮಷಿನ್ನು ಈಕೆಯ ಹೆಬ್ಬೆಟ್ಟನ್ನು
ಮೂರು ತಿಂಗಳಿಂದ ಒಲ್ಲೆ ಅನ್ನುತ್ತಿದೆ.
"ರಾತ್ರಿ ಕೊಬ್ಬರಿ ಎಣ್ಣಿ ಹಚ್ಚಿ ಮಲಗ್ತೇನಿ," ಅಂದಳು,
"ನಿದ್ದಿ ಬರೂದಿಲ್ಲ.
ಸುಳ್ಳು ಅಂತ ಬರದಾರ?
ಬರದಾಂವನ ಹೆಸರು ಓದು ನೋಡೋಣು."

ಸಂಪಾದಕ ಮಂಡಳಿ, ಅಂದೆ.
ಎಲ್ಲರೂ ನಕ್ಕರು. ನಗುವಿನೊಳಗೇ ಸೀನು.
ಈ ಕೆಂಪಿನಿಂದ ತುಟಿಯ ಬಣ್ಣ ಮಾಡುತ್ತಾರೆ ಎಂಬುದನ್ನು
ಓದಲು ಬಂದವಳು ಬಿಟ್ಟು ಮುಂದಿನ ಪುಟಕ್ಕೆ ಹೋದೆ.

ಭಾನುವಾರ, ಹಾವೇರಿ, ಕೊಠಡಿ ನಾಲ್ಕು.
ಪಗಾರ ಬರಲಿಲ್ಲ, ಜೆರಾಕ್ಸ್ ಬರಲಿಲ್ಲ,
ಯಾವುದೋ ಸಮಿತಿಯ ಅಧ್ಯಕ್ಷರು ಯಾರು, ಅದು ಬಂತು.
ಮೂವತ್ತೇಳನೆಯ ಗುಂಡು ಸುತ್ತು ಕಪ್ಪು ಮಾಡುವಾಗ
ರೆಪ್ಪೆ ತುರಿಸಿತೆಂದು ಕಣ್ಣು ಉಜ್ಜಿಕೊಂಡೆ.

ಎರಡು ಸಲ ಸೋಪು ಹಚ್ಚಿ ತೊಳೆದ ಕೈ.

ಧಾರಾಕಾರ. ಉತ್ತರಪತ್ರಿಕೆಯ ಮೇಲೆ
ಬೀಳದಂತೆ ಮುಖ ಆಚೆ ತಿರುಗಿಸಿ ಕೂತೆ.
ಮೇಲ್ವಿಚಾರಕರು ಹತ್ತಿರ ಬಂದರು, ದನಿ ತಗ್ಗಿಸಿ:
"ಪೇಪರ್ ಭಾಳ ಕಠಿಣ ಬಂದೈತೇನವಾ?"

ಇಲ್ಲರಿ ಸರ್, ಅಂದೆ,
ಇದು ಗೊತ್ತಿದ್ದದ್ದು.